ಅಧಿವೇಶನಕ್ಕೊಂದು ಹುಲ್ಲು

ಬೆಳಗಾವಿಯ ಸುವರ್ಣ ವಿಧಾನಸೌಧದ ಅಂಗಳಕ್ಕೆ ತಕ್ಕ ಹುಲ್ಲು ಯಾವುದೆಂದು ತಿಳಿಯಲು ಸಮಿತಿ ರಚನೆಯಾದ ಸುದ್ದಿ ಇನ್ನೂ ಬಂದಿಲ್ಲ. ಆದ್ದರಿಂದ ಸಂಭಾವನೆ ಬೇಡದೆ ಸಲಹೆ ಕೊಡುತ್ತಿದ್ದೇನೆ: ರೈಗ್ರಾಸ್ ಬಿತ್ತಿ.

ತಂಪು ದೇಶದ ಈ ಹುಲ್ಲಿನ ನಡವಳಿಕೆ ನಮ್ಮ ಸದನಕ್ಕೆ ಹೇಳಿ ಮಾಡಿಸಿದಂತಿದೆ. ನವೆಂಬರ್ ನಡುವೆ ಬಿತ್ತಿದರೆ ವಾರದಲ್ಲಿ ಮೊಳಕೆ; ಡಿಸೆಂಬರಿನಲ್ಲಿ ಸದನದ ಗಂಟೆ ಬಾರಿಸುವ ಹೊತ್ತಿಗೆ ಕಣ್ಣು ಕುಕ್ಕುವ ಹಸಿರು; ಬಿಸಿಲು ಏರಿದೊಡನೆ ನಾಪತ್ತೆ. ಬೇಸಿಗೆಯಲ್ಲಿಯೂ ಇಲ್ಲೇ ಇರಿ ಎಂದು ಯಾರೂ ಅದನ್ನು ಒತ್ತಾಯಿಸುವಂತಿಲ್ಲ.

2012ರಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ಈ ಸೌಧಕ್ಕೆ ವರ್ಷದಲ್ಲಿ ಹತ್ತು ಹನ್ನೆರಡು ದಿನಗಳ ಸಡಗರ. ಉಳಿದಂತೆ ಅದೆಷ್ಟು ನಿರಾಳವೆಂದರೆ, 2022ರಲ್ಲಿ ಕೂಲಿ ಮಹಿಳೆಯೊಬ್ಬರು ಅದರ ಎದುರಿಗೇ ಶಾವಿಗೆ ಒಣಹಾಕಿದ್ದರು. ಕಟ್ಟಡದ ಸದ್ಬಳಕೆಗೆ ಬಂದ ಪ್ರಾಯೋಗಿಕ ಸಲಹೆ ಅದೊಂದೇ. ಅದರ ಮೇಲೆ ಕ್ರಮವೂ ತಡವಿಲ್ಲದೆ ಆಯಿತು. ಕಡತಗಳಿಗೆ ಆ ಭಾಗ್ಯ ಎಲ್ಲಿ?

ತಜ್ಞರು ಆಕ್ಷೇಪಿಸಬಹುದು. ರೈಗ್ರಾಸ್ ಬಿತ್ತುವುದು ಊರಿನ ಗರಿಕೆ ಚಳಿಗೆ ಕಂದಿ ಮಲಗುವ ಕಡೆಗಳಲ್ಲಿ; ಬೆಳಗಾವಿಯ ಗರಿಕೆಯಾದರೋ ನೀರೊಂದು ಸಿಕ್ಕರೆ ಡಿಸೆಂಬರಿನಲ್ಲಿಯೂ ಹಸಿರಾಗಿಯೇ ಇರುತ್ತದೆ. ಇರಲಿ, ಬೋಳಿಸಿದರಾಯಿತು. ವಿಧಾನವೇ ಹಾಗಿದೆ: ಮೊದಲು ಗರಿಕೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಕಸವನ್ನು ಹಲುಬೆಯಿಂದ ಕೆರೆದು, ನೂರು ಚದರ ಮೀಟರಿಗೆ ನಾಲ್ಕೈದು ಕಿಲೋ ಬೀಜವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಚಬೇಕು. ಮೊಳೆಯುವ ತನಕ ದಿನಕ್ಕೆ ಮೂರು ಸಲ ತೆಳುವಾಗಿ ನೀರು. ತ್ರೀ ಫೇಸ್ ಕರೆಂಟಿಗಾಗಿ ರಾತ್ರಿಯೆಲ್ಲ ಪಂಪಿನ ಬಳಿ ಕೂರುವ ರೈತನ ವಿಷಯ ಬೇರೆ ಇಲಾಖೆಗೆ ಸೇರಿದ್ದು.

ಸೌಧದ ಸಮೀಪ, ಪ್ರತಿಭಟನೆಗೆಂದು ಹಾಕುವ ಕೊಂಡಸಕೊಪ್ಪದ ಟೆಂಟುಗಳಲ್ಲಿ ಕಬ್ಬಿನ ಬಾಕಿ ಕೇಳುತ್ತ ಕುಳಿತವರಿಗೆ ಈ ಹಸಿರು ಕಾಣಿಸುವುದಿಲ್ಲ ಎಂಬ ದೂರೂ ಬರಬಹುದು. ಅವರ ಹೆಗಲ ಮೇಲೆ ಹಸಿರು ಶಾಲು ಇದೆಯಲ್ಲ!

ತೊಡಕು ಇರುವುದು ಒಂದೇ. ಫೆಬ್ರವರಿ ಕೊನೆಗೆ ಈ ಹುಲ್ಲನ್ನು ಗಿಡ್ಡಕ್ಕೆ ಕತ್ತರಿಸಿ ನೀರು ತಗ್ಗಿಸದಿದ್ದರೆ, ಅದು ಅಡಿಯಲ್ಲಿರುವ ಗರಿಕೆಯ ಬಿಸಿಲನ್ನೆಲ್ಲ ನುಂಗಿ, ಆಮೇಲೆ ತಾನೂ ಸಾಯುತ್ತದೆ. ಕತ್ತರಿಸುವವರು ಯಾರು? ಅಷ್ಟು ಹೊತ್ತಿಗೆ ಇಲಾಖೆಗಳೆಲ್ಲ ಬೆಂಗಳೂರು ಸೇರಿರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ, ಉತ್ತರವನ್ನು ಮುಂದಿನ ಡಿಸೆಂಬರಿನಲ್ಲಿ ಸದನದ ಮುಂದೆ ಇಡಲಾಗುವುದು, ಬೀಜದ ಹೊಸ ಟೆಂಡರಿನ ಸಮೇತ.