ಕೆಲಸ ಬಿಡುವ ಮೊದಲು ಎರಡನೇ ವರ್ಷದ ಹಣ ಬರಲಿ

ಕೋಲಾರದಿಂದ ಬೆಂಗಳೂರಿನ ಐಟಿ ಕಂಪನಿಗಳಿಗೆ ಓಡಾಡುವ ನಮ್ಮ ಕಡೆಯ ಹುಡುಗರಲ್ಲಿ ಹಲವರು ರಾತ್ರಿ ಹೊತ್ತು, ರಜೆಯ ದಿನ ಕೂತು ತಮ್ಮದೇ ಒಂದು ಸಾಫ್ಟ್‌ವೇರ್ ಬೆಳೆಸುತ್ತಿರುತ್ತಾರೆ. ಕೆಲಸ ಬಿಟ್ಟು ಇದನ್ನೇ ಪೂರ್ಣಾವಧಿ ವ್ಯವಹಾರ ಮಾಡಿಕೊಳ್ಳುವುದು ಯಾವಾಗ ಎಂದು ಅವರು ಕೇಳಿದರೆ, ಅದರ ವರಮಾನ ಸಂಬಳಕ್ಕೆ ಸಮನಾದಾಗ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಕೊಂಡವರು ಎರಡನೇ ವರ್ಷವೂ, ಅದರಲ್ಲೂ ತಮ್ಮ ವ್ಯಾಪಾರ ಬಿದ್ದಿರುವಾಗ, ಹಣ ಕಟ್ಟಿದ ಮೇಲೆಯೇ ರಾಜೀನಾಮೆ ಕೊಡಬೇಕು.

ನನ್ನದು ಟೊಮೆಟೊ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ಮಂಡಿಯವರು ಚೌಕಾಸಿಯಿಲ್ಲದೆ ಹಣ ಕೊಡುತ್ತಾರೆ. ಅದೇ ಬಾಕ್ಸ್ ಕೊಯ್ಲಿನ ಕೂಲಿಗೂ ಸಾಲದಷ್ಟು ಇಳಿದು, ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿಯುವ ಕಾಲ ಬಂದರೆ, ‘ಸದ್ಯಕ್ಕೆ ಪುಸ್ತಕದಲ್ಲೇ ಬರ್ಕೊಳ್ತೀವಿ ಬಿಡಪ್ಪ’ ಎಂದುಬಿಡುತ್ತಾರೆ. ಬೆಲೆ ಏರಿದ ವರ್ಷದ ವರಮಾನವನ್ನು ಸಂಬಳದ ಪಕ್ಕ ಇಟ್ಟು ನೋಡಿದರೆ ಇದು ಕಾಣುವುದಿಲ್ಲ. ಸಂಬಳದ ಜೊತೆಗೆ ಕಂಪನಿಯ ಪಾಲಿನ ಪಿಎಫ್, ಮನೆಯವರ ಆರೋಗ್ಯ ವಿಮೆ ಎರಡೂ ನಿಲ್ಲುತ್ತವೆ ಎಂಬುದನ್ನೂ ಆ ಲೆಕ್ಕ ಮರೆಸುತ್ತದೆ.

ಕೆಲಸ ಬಿಟ್ಟರೆ ಕೋಡ್ ಬರೆಯಲು ಪುರುಸೊತ್ತು ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಸಿಗುವುದು ಫೋನ್ ಎತ್ತಲು ಪುರುಸೊತ್ತು. ಹರಾಜು ಮುಗಿದ ಹೊತ್ತಿನಲ್ಲಿ ಮಂಡಿಯ ರೈಟರ್ ಪಕ್ಕ ನಿಂತು ನೋಡಬೇಕು: ಒಬ್ಬ ರೈತ ತಂದ ಬಾಕ್ಸ್‌ಗಳೇ ಮೂರು ದರಕ್ಕೆ ಹೋಗಿರುತ್ತವೆ, ಅದರಲ್ಲಿ ಹಮಾಲಿ, ಗಾಡಿ ಬಾಡಿಗೆ, ಹಿಂದೆ ಪಡೆದ ಮುಂಗಡ ಎಲ್ಲ ಕಳೆದು ಕೈಗೆ ಬರುವ ಹಣದ ಪಟ್ಟಿ ಕೊಡಬೇಕು, ರೈತ ಊರಿಗೆ ಹೊರಡುವ ಅವಸರದಲ್ಲಿ ಎದುರಿಗೇ ನಿಂತಿರುತ್ತಾನೆ. ಆಗ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಫೋನ್ ಬರುವುದು ಸಾಫ್ಟ್‌ವೇರ್ ಕೊಟ್ಟವನಿಗೆ. ಬೆಂಗಳೂರಿನಲ್ಲಿ ಮೀಟಿಂಗ್‌ಗೆ ಕೂತವನು ಅದನ್ನು ಎತ್ತುವಂತಿಲ್ಲ. ನನ್ನ ಮಟ್ಟಿಗೆ ಕೆಲಸ ಬಿಡಲು ಇದ್ದ ಗಟ್ಟಿ ಕಾರಣ ಇದೊಂದೇ.

ತೆರಿಗೆಯ ವಿಷಯವನ್ನು ಆಡಿಟರ್‌ಗೆ ಬಿಟ್ಟು ಸುಮ್ಮನಿರುವವರೇ ಹೆಚ್ಚು. ಆದರೆ ಬೆಲೆ ನಿಗದಿ ಮಾಡುವ ದಿನವೇ ಅದು ತಲೆಯಲ್ಲಿರಬೇಕು. ಸೇವೆ ಮಾರುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಸಾಫ್ಟ್‌ವೇರ್ ಮೇಲೆ ಶೇ. 18 ತೆರಿಗೆ ಹಾಕಬೇಕು. ಕಾರ್ಖಾನೆಯವರಾದರೆ ಆ ತೆರಿಗೆಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ. ತಾಜಾ ತರಕಾರಿಗೂ ಅದನ್ನು ಮಾರಿಕೊಡುವ ಕಮಿಷನ್ ಸೇವೆಗೂ ಜಿಎಸ್‌ಟಿ ಇಲ್ಲದ ಕಾರಣ ಮಂಡಿಯವರಿಗೆ ಆ ಅನುಕೂಲವಿಲ್ಲ, ಪೂರ್ತಿ ಶೇ. 18 ಅವರ ಮೈಮೇಲೆಯೇ ಬೀಳುತ್ತದೆ. ‘ಎಲ್ಲ ಸೇರಿ 1000’ ಎಂದು ಮಾತು ಕೊಟ್ಟಿದ್ದರೆ ನಮ್ಮ ಕೈಗೆ ಉಳಿಯುವುದು 847 ರೂಪಾಯಿ ಚಿಲ್ಲರೆ.

ನೇಮಕಾತಿ ಪತ್ರವನ್ನೂ ಒಮ್ಮೆ ತೆಗೆದು ಓದಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೋಡ್ ಕಂಪನಿಗೇ ಸೇರುತ್ತದೆ. ಕೆಲವು ಕಂಪನಿಗಳ ಒಪ್ಪಂದ ಇನ್ನೂ ಮುಂದೆ ಹೋಗಿ ಬಿಡುವಿನ ವೇಳೆಯಲ್ಲಿ ಬರೆದದ್ದನ್ನೂ ಕೇಳುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಅನ್ನಂತೂ ಮುಟ್ಟಲೇಬೇಡಿ.

ಹೀಗೆ ಕಾಯುತ್ತ ಕೂತರೆ ಬೇರೆ ಯಾರೋ ಬಂದು ಮಾರುಕಟ್ಟೆ ಹಿಡಿಯುತ್ತಾರೆ ಎಂದು ಸ್ನೇಹಿತರು ವಾದಿಸುತ್ತಾರೆ. ಫೋನ್‌ನಲ್ಲಿ ಒಂದು ನಿಮಿಷಕ್ಕೆ ಹಾಕಿ ಇನ್ನೊಂದು ನಿಮಿಷಕ್ಕೆ ತೆಗೆಯುವ ಆ್ಯಪ್‌ಗಳ ವಿಷಯದಲ್ಲಿ ಅದು ನಿಜವಿರಬಹುದು. ಮಂಡಿಯ ಲೆಕ್ಕದಲ್ಲಿ ನೂರಾರು ರೈತರ ಮುಂಗಡದ ಬಾಕಿ ಕೂತಿರುತ್ತದೆ. ಹೊಸಬರು ಎಷ್ಟೇ ಕಡಿಮೆ ಬೆಲೆ ಹೇಳಲಿ, ಅಷ್ಟೂ ಬಾಕಿಯನ್ನು ಪೈಸೆ ತಪ್ಪದಂತೆ ತಮ್ಮಲ್ಲಿಗೆ ಇಳಿಸಿ ತೋರಿಸುವವರೆಗೆ ಮಾಲೀಕರು ಅವರನ್ನು ಗಲ್ಲಾದ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.