ಇದ್ದದ್ದು ಇದ್ದ ಹಾಗೆ

ಮೂವತ್ತು ವರ್ಷ ನಾನು ಬರೆದ ಪ್ರತಿಯೊಂದು ಕಡತದ ನೆತ್ತಿಯ ಮೇಲೂ ಒಂದೇ ಒಕ್ಕಣೆಯಿತ್ತು: ಈ ತಂತ್ರಾಂಶವನ್ನು ಇದ್ದದ್ದು ಇದ್ದ ಹಾಗೆ ಕೊಡಲಾಗಿದೆ, ಇದಕ್ಕೆ ಯಾವುದೇ ಖಾತರಿಯಿಲ್ಲ, ಇದನ್ನು ಬಳಸಿ ಏನೇ ಅನಾಹುತವಾದರೂ ಬರೆದವನು ಹೊಣೆಯಲ್ಲ. ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಿ ಹಂಚಬಹುದಾದ ತಂತ್ರಾಂಶದ, ಪರವಾನಗಿಗಳಲ್ಲಿ ಈ ಭಾಗವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯುವುದು ರೂಢಿ; ಖಾತರಿಯಿಲ್ಲವೆಂಬ ಮಾತು ಕೊಳ್ಳುವವನ ಕಣ್ಣಿಗೆ ಎದ್ದು ಕಾಣುವಂತಿರಬೇಕು ಎನ್ನುವ ಅಮೆರಿಕದ ವ್ಯಾಪಾರ ಕಾನೂನು ಅದಕ್ಕೆ ಕಾರಣ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲವಾದ್ದರಿಂದ ಮೇಲಿನ ಮಾತನ್ನು ನಾನು ಗಂಟಲು ಹರಿಯುವಂತೆ ಕೂಗಿ ಹೇಳಿದ್ದೇನೆಂದು ಓದುಗರು ದಯವಿಟ್ಟು ಭಾವಿಸಿಕೊಳ್ಳಬೇಕು. ನೌಕರಿಯಲ್ಲಿರುವವರೆಗೆ ಈ ಒಕ್ಕಣೆ ನನ್ನನ್ನು ಕಾಯ್ದಿತು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ಹೊಸ್ತಿಲಿನ ಈಚೆಗೆ ಅದು ಚಲಾವಣೆಯಲ್ಲಿಲ್ಲವೆಂಬುದು ಗೊತ್ತಾಯಿತು.

ಈ ದಾರಿಗೆ ನಾನು ಬಂದದ್ದೇ ಒಂದು ಕಾಗುಣಿತದ ತಪ್ಪಿನಿಂದ. ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಹಂಚಿದ್ದ ಪ್ರೋಗ್ರಾಮೊಂದರ ಟಿಪ್ಪಣಿಯಲ್ಲಿ ಒಂದು ಪದಕ್ಕೆ ಅಕ್ಷರವೊಂದು ಕಡಿಮೆ ಬಿದ್ದಿತ್ತು. ಅದನ್ನು ತಿದ್ದಿ ಕಳಿಸಿದರೆ ನನ್ನ ಹೆಸರು ಲೋಕದ ಕಡತದಲ್ಲಿ ಶಾಶ್ವತವಾಗುತ್ತದೆಂಬ ಆಸೆಯಿಂದ ತಿದ್ದುಪಡಿಯನ್ನು ಸಿದ್ಧಪಡಿಸಿದೆ. ಹಳೆಯ ಕಡತಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿದರೆ ಸಾಕು, ಲ್ಯಾರಿ ವಾಲ್ 1985ರಲ್ಲಿ ಬರೆದ ಪ್ಯಾಚ್ ಎಂಬ ಸಾಧನ ಅದನ್ನು ಆ ತುದಿಯಲ್ಲಿ ತೇಪೆಯಂತೆ ಹೊಲಿದು ಸೇರಿಸುತ್ತದೆ. ನನ್ನ ತೇಪೆ ಮಾತ್ರ ಹೊಲಿಗೆಗೆ ನಿಲ್ಲಲಿಲ್ಲ. ಮೂರು ಸಲ ಕಳಿಸಿದೆ, ಮೂರು ಸಲವೂ ಮರಳಿ ಬಂತು. ನನ್ನ ಇಮೇಲ್ ಪ್ರೋಗ್ರಾಮು ಸ್ವಚ್ಛತೆಯ ಹುಚ್ಚಿನಿಂದ ಸಾಲನ್ನು ಒಳಕ್ಕೆ ಸರಿಸುವ ಟ್ಯಾಬ್ ಎಂಬ ಕಾಣದ ಅಕ್ಷರ ಪ್ರತಿಯೊಂದನ್ನೂ ಎಂಟು ಖಾಲಿ ಜಾಗಗಳಾಗಿ ಒಡೆದು ಕಳಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಹಗಲು ರಾತ್ರಿಯಷ್ಟು ಬೇರೆ.

ಟ್ಯಾಬಿನ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ, ಪ್ರೋಗ್ರಾಮುಗಳನ್ನು ಕಟ್ಟಿ ಸಿದ್ಧಪಡಿಸುವ ಮೇಕ್ ಎಂಬ ಸಾಧನವನ್ನು ಬರೆದಾಗ, ಆದೇಶದ ಸಾಲುಗಳು ಟ್ಯಾಬಿನಿಂದಲೇ ಆರಂಭವಾಗಬೇಕೆಂಬ ನಿಯಮವಿಟ್ಟರು. ಅದು ಸರಿಯಾದ ಏರ್ಪಾಡಲ್ಲವೆಂದು ಅವರಿಗೆ ಅರಿವಾಗುವ ಹೊತ್ತಿಗೆ ಸುಮಾರು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ನಿಯಮವನ್ನು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ನೆಮ್ಮದಿಗಾಗಿ ಉಳಿದವರೆಲ್ಲ ಅರ್ಧ ಶತಮಾನದಿಂದ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹುಡುಕುತ್ತ ಕೂತಿದ್ದೇವೆ. ನನ್ನ ದೃಷ್ಟಿ ಮಂದವಾದದ್ದಕ್ಕೆ ವಯಸ್ಸು ಕಾರಣವೆಂದು ವೈದ್ಯರು ಹೇಳಿದ್ದಾರೆ. ಅವರಿಗೆ ಮೇಕ್ ಗೊತ್ತಿಲ್ಲ.

ನನ್ನದೇ ಎಂದು ಹೇಳಿಕೊಳ್ಳುವ ಪ್ರೋಗ್ರಾಮೂ ಒಂದಿದೆ. ರಿಚರ್ಡ್ ಸ್ಟಾಲ್‌ಮನ್ ಅವರ ಪ್ರಯೋಗಾಲಯಕ್ಕೆ ಬಂದ ಹೊಸ ಲೇಸರ್ ಪ್ರಿಂಟರು ಪದೇ ಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿದ್ದುದು, ಅದರ ತಂತ್ರಾಂಶದ ಮೂಲ ಸಂಕೇತ, ಅಂದರೆ ತಿದ್ದಲು ಬೇಕಾದ ಬರಹ, ಸಿಗದೆ ಅವರು ಸಿಟ್ಟಾದದ್ದು, ಮುಂದೆ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಘೋಷಿಸಿದ್ದು ನಮ್ಮ ಪಂಗಡದವರಿಗೆಲ್ಲ ಬಾಯಿಪಾಠವಾಗಿರುವ ಸ್ಥಳಪುರಾಣ. ನನ್ನ ಸಿಟ್ಟೂ ಪ್ರಿಂಟರಿನ ಮೇಲೆಯೇ ಆದರೂ ಅದರಿಂದ ಹುಟ್ಟಿದ ಫಲ ಚಿಕ್ಕದು. ನಮ್ಮ ಪ್ರಿಂಟರು ಮೊದಲ ಪುಟವನ್ನು ಅಡಿಗೆ ಹಾಕಿ ಕೊನೆಯ ಪುಟವನ್ನು ಮೇಲಿಡುತ್ತಿದ್ದುದರಿಂದ, ಪುಟಗಳನ್ನು ಹಿಂದುಮುಂದಾಗಿ ಜೋಡಿಸಿ ಕಳಿಸುವ ನಾನೂರು ಸಾಲಿನ ಪ್ರೋಗ್ರಾಮನ್ನು ಬರೆದು, ಗ್ನೂ ಯೋಜನೆಯ ಜಿಪಿಎಲ್ ಪರವಾನಗಿ ಹಚ್ಚಿ ಹೊರಗೆ ಬಿಟ್ಟೆ. ಅದಕ್ಕೆ ಬಂದ ಮೊದಲ ಕೋರಿಕೆ, ಪುಟಗಳನ್ನು ಹಿಂದುಮುಂದು ಮಾಡದೆ ಬಂದ ಕ್ರಮದಲ್ಲೇ ಕಳಿಸುವ ಆಯ್ಕೆಯೊಂದನ್ನು ಸೇರಿಸಬೇಕೆಂಬುದಾಗಿತ್ತು. ಸೇರಿಸಿದೆ. ಆಮೇಲೆ ಬಂದ ದೂರುಗಳನ್ನು ನೋಡಿದರೆ ಎಲ್ಲರೂ ಬಳಸುತ್ತಿದ್ದುದು ಆ ಆಯ್ಕೆಯನ್ನೇ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎರಡೂವರೆ ವರ್ಷದಲ್ಲಿ, 1994ರ ಮಾರ್ಚಿನಲ್ಲಿ, 1.0 ಆವೃತ್ತಿ ತಲುಪಿತು. ಡೊನಾಲ್ಡ್ ಕ್ನೂತ್ ಅವರ ಅಕ್ಷರ ಜೋಡಣೆಯ ಪ್ರೋಗ್ರಾಮು ಟೆಕ್‌ನ ಆವೃತ್ತಿಸಂಖ್ಯೆ ಪ್ರತಿ ತಿದ್ದುಪಡಿಗೂ ಒಂದೊಂದು ಅಂಕಿ ಉದ್ದವಾಗುತ್ತ ಗಣಿತದ ಪೈಯತ್ತ ಸಾಗುತ್ತಿದೆ. ನನ್ನದು ಹದಿನೆಂಟು ವರ್ಷವಾದರೂ 0.9ರಲ್ಲೇ ಇದೆ. 1.0 ಎಂದು ಬರೆದರೆ ಖಾತರಿ ಕೊಟ್ಟಂತಾಗುತ್ತದಲ್ಲ ಎಂಬ ಅಳುಕು.

ಇಷ್ಟು ಹಿನ್ನೆಲೆಯಿಟ್ಟುಕೊಂಡು ನಿವೃತ್ತನಾದೆ. ಕೈಯಲ್ಲಿ ಹೊತ್ತು ರಾಶಿಯಾಗಿ ಬಿದ್ದಿತ್ತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬ, ಲಿನಸ್ ಟೊರ್ವಾಲ್ಡ್ಸ್, ಮುಂದೆ ಲಿನಕ್ಸ್ ಎನಿಸಿಕೊಂಡ ಆಪರೇಟಿಂಗ್ ಸಿಸ್ಟಮ್ಮೊಂದನ್ನು ತಾನು ಬರೆಯುತ್ತಿರುವುದಾಗಿಯೂ ಅದು ಬರಿಯ ಹವ್ಯಾಸವೆಂದೂ ಹೇಳಿಕೊಂಡಿದ್ದನ್ನು ನೆನೆದು, ಹವ್ಯಾಸದಿಂದ ಏನೇನಾಗಬಹುದೆಂಬುದಕ್ಕೆ ಮಿತಿಯೇ ಇಲ್ಲವೆಂದು ಹೆಂಡತಿಗೆ ವಿವರಿಸಿದೆ. ಮಿತಿಯಿಲ್ಲವೆಂಬುದನ್ನು ಅವಳು ಬೇಗನೆ ಒಪ್ಪಿಕೊಂಡಳು. ಆದರೆ ಅದು ಒಳ್ಳೆಯ ಸುದ್ದಿಯೆಂದು ಒಪ್ಪಲಿಲ್ಲ.

ಮೊದಲು ಕೈಹಾಕಿದ್ದು ಬಾಲ್ಕನಿಯ ಹೂಕುಂಡಗಳಿಗೆ. ಎಂಟು ಕುಂಡ, ಒಂದು ಡ್ರಮ್ಮು, ನಿಮಿಷಕ್ಕೆ ಎರಡು ಲೀಟರ್ ಎತ್ತುವ ಪುಟ್ಟ ಪಂಪು, ಅದನ್ನು ಚಾಲೂ ಮಾಡಲು ರಿಲೇ ಎಂಬ ಸ್ವಿಚ್ಚು, ರಿಲೇಗೆ ಅಪ್ಪಣೆ ಕೊಡಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು. ಡ್ರಮ್ಮಿನ ನೀರು ಇಳಿದಂತೆಲ್ಲ ನಲ್ಲಿಯಿಂದ ತಾನಾಗಿ ತುಂಬಿಕೊಳ್ಳಲು ಬಾಲ್ ವಾಲ್ವನ್ನೂ ಜೋಡಿಸಿದ್ದೆ. ನೀರು ಎಂದೂ ಮುಗಿಯಬಾರದೆಂಬ ದೂರದೃಷ್ಟಿ. ದಿನಕ್ಕೊಮ್ಮೆ, ಬೆಳಿಗ್ಗೆ ಆರಕ್ಕೆ, ನಲವತ್ತು ಸೆಕೆಂಡು ಪಂಪು ಓಡಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವುದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಹಳೆಯ ಆಳು ಕ್ರಾನ್. ಅದಕ್ಕೆ ಐದು ಅಂಕಣಗಳಲ್ಲಿ ಆಜ್ಞೆ ಬರೆಯಬೇಕು: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. ಯಾವುದಾದರೂ ಆಗಬಹುದು ಎನ್ನುವ ಕಡೆ ನಕ್ಷತ್ರ ಹಾಕಬೇಕು. ನಾನು ಗಂಟೆಯ ಅಂಕಣದಲ್ಲಿ 6 ಬರೆದು, ಉಳಿದ ನಾಲ್ಕರಲ್ಲೂ ಧಾರಾಳವಾಗಿ ನಕ್ಷತ್ರ ಹಾಕಿ ಮಲಗಿದೆ. ಮೊದಲ ಅಂಕಣದಲ್ಲಿ ಇರಬೇಕಾದದ್ದು ಸೊನ್ನೆ. ನಕ್ಷತ್ರವಿದ್ದರೆ ಆರು ಗಂಟೆಯ ಯಾವ ನಿಮಿಷವಾದರೂ ಸರಿ ಎಂದಾಗುತ್ತದೆ, ಅಂದರೆ ಆರರಿಂದ ಆರು ಐವತ್ತೊಂಬತ್ತರವರೆಗೆ ನಿಮಿಷಕ್ಕೊಂದರಂತೆ ಅರವತ್ತು ಸಲ. ಮೂವತ್ತು ವರ್ಷ ಇದನ್ನು ಚಿಕ್ಕವರಿಗೆ ಪಾಠ ಹೇಳಿದವನು ನಾನೇ.

ಆರು ಇಪ್ಪತ್ತೇಳಕ್ಕೆ ಹೆಂಡತಿ ಬಂದು ನನ್ನ ಭುಜ ಅಲುಗಾಡಿಸಿದಳು. "ರೀ, ನಿಮ್ಮ ಪಂಪಿಗೆ ನಿಲ್ಲಿಸುವುದು ಗೊತ್ತಿದೆಯೋ ಇಲ್ಲವೋ?" ಎದ್ದು ಹೋಗಿ ನೋಡಿದರೆ ಕುಂಡಗಳು ಕೆರೆಗಳಾಗಿದ್ದವು, ಕೆಂಪು ಮಣ್ಣಿನ ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ನನ್ನ ಚಪ್ಪಲಿಯೊಂದನ್ನು ಸೋಫಾದ ಕಡೆಗೆ ಸಾಗಿಸುತ್ತಿತ್ತು. ನಾನು ನೋಡುತ್ತಿರುವಂತೆಯೇ ರಿಲೇ ಟಿಕ್ ಎಂದಿತು, ಪಂಪು ಗೊರ್ ಎಂದಿತು, ಇಪ್ಪತ್ತೆಂಟನೆಯ ಅಭಿಷೇಕ ಶುರುವಾಯಿತು. ಇಂಥ ಹೊತ್ತಿನಲ್ಲಿ ಅನುಭವಿ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ಕೀಲಿಮಣೆಯ ಮುಂದೆ ಕೂತು, ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಹೆಂಡತಿ ಗೋಡೆಯ ಪ್ಲಗ್ಗಿನ ಕಡೆಗೆ ನಡೆದಳು. "ಕೀಳಬೇಡ, ದೋಷ ನಡೆಯುತ್ತಿರುವಾಗಲೇ ನೋಡಬೇಕು, ಆಮೇಲೆ ಸಿಗುವುದಿಲ್ಲ" ಎಂದು ಕೂಗಿದೆ. ಅವಳು ಕಿತ್ತಳು. ಇಪ್ಪತ್ತೆಂಟು ದಿನದ ನೀರು ಇಪ್ಪತ್ತೆಂಟು ನಿಮಿಷದಲ್ಲಿ ಹರಿದಿತ್ತು, ಲೆಕ್ಕಕ್ಕೆ 37 ಲೀಟರು. ನೆಲ ಒರೆಸುತ್ತ ಪರವಾನಗಿಯ ಒಕ್ಕಣೆಯನ್ನು ನೆನಪಿಸಲು ನೋಡಿದೆ. "ಹೊಣೆಯಲ್ಲದವರು ಆ ಮೂಲೆಯನ್ನೂ ಒರೆಸಿ" ಎಂದಳು.

ಎರಡನೆಯದು ತಾಪಮಾನದ ಪ್ರಸಂಗ, ಅದನ್ನು ಬೇಗ ಮುಗಿಸುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪು ಈಗ ಕಪಾಟಿನಲ್ಲಿ ಕೂತು ಸರ್ವರ್ ಆಗಿ ಸೇವೆ ಸಲ್ಲಿಸುತ್ತಿದೆ. ಅದರ ಪಕ್ಕದಲ್ಲಿ ಡಿಎಸ್18ಬಿ20 ಎಂಬ ಸಂವೇದಕವಿಟ್ಟು, ಬಿಸಿ ಹೆಚ್ಚಾದರೆ ಕೂಗುವ ಏರ್ಪಾಡು ಮಾಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಅದು ಕೂಗಿಕೊಂಡಿತು. ಪರದೆಯ ಮೇಲೆ 85 ಡಿಗ್ರಿ. ಮನೆಮಂದಿಯನ್ನೆಲ್ಲ ಎಬ್ಬಿಸಿ ಹೊರಗೆ ನಿಲ್ಲಿಸಿ, ಒದ್ದೆ ಬಟ್ಟೆ ಹಿಡಿದು ಕಪಾಟಿನ ಬಳಿ ಹೋದೆ. ಹೆಂಡತಿ ನನ್ನ ಹಿಂದೆಯೇ ಬಂದು, ಲ್ಯಾಪ್‌ಟಾಪಿನ ಮೇಲೆ ಅಂಗೈಯಿಟ್ಟು, ತಣ್ಣಗಿದೆ ಎಂದು ಹೇಳಿ ಹೋಗಿ ಮಲಗಿದಳು. ಆ ಸಂವೇದಕಕ್ಕೆ ವಿದ್ಯುತ್ ಬಂದ ಕೂಡಲೇ ಅದರ ಹೊಟ್ಟೆಯಲ್ಲಿರುವ ಅಂಕಿಯೇ 85. ನಿಜವಾದ ಬಿಸಿಯನ್ನು ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡಿನವರೆಗೆ ಬೇಕು. ಅಷ್ಟು ತಾಳದೆ ಕೇಳಿದವನಿಗೆ ಅದು 85 ಎಂದೇ ಹೇಳುತ್ತದೆ. ತಯಾರಕರ ವಿವರಪತ್ರವಾದ ಡೇಟಾಶೀಟಿನಲ್ಲಿ ಇದೆಲ್ಲ ಸ್ಪಷ್ಟವಾಗಿ ಬರೆದಿದೆ. ಡೇಟಾಶೀಟನ್ನು ನಾನು ಓದಿದ್ದು ಎರಡೂವರೆ ಗಂಟೆಗೆ.

ಕರೆಗಂಟೆಯ ಕಥೆಯಲ್ಲಿ ನನಗೆ ಒಳ್ಳೆಯ ಪ್ರೇರಣೆಯೇ ಇತ್ತು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡು ತಡವಾಗುತ್ತಿದೆಯೆಂಬುದನ್ನು ಗಮನಿಸಿ, ಅದರ ಬೆನ್ನು ಹತ್ತಿ, ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧನದೊಳಗೆ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲನ್ನು ಬಯಲಿಗೆಳೆದರು. ಅರ್ಧ ಸೆಕೆಂಡನ್ನು ಅಸಡ್ಡೆ ಮಾಡಬಾರದೆಂಬ ಪಾಠವನ್ನು ನಾನು ಎದೆಗೆ ಹಚ್ಚಿಕೊಂಡೆ. ಹಚ್ಚಿಕೊಂಡ ವಾರದಲ್ಲೇ, ಬಹಳ ಹಿಂದೆ ನಾನೇ ಕಟ್ಟಿದ್ದ ನಮ್ಮ ಮನೆಯ ಕರೆಗಂಟೆ ಗುಂಡಿಯೊತ್ತಿದ ಅರ್ಧ ಸೆಕೆಂಡಿನ ಮೇಲೆ ಬಾರಿಸುತ್ತಿದೆಯೆಂಬುದು ಗಮನಕ್ಕೆ ಬಂತು. ಯಾರೋ ಒಳನುಗ್ಗಿದ್ದಾರೆ ಎಂದುಕೊಂಡೆ. ನಾಲ್ಕು ದಿನ ತಂತಿ ಬಿಚ್ಚಿದೆ, ಬೆಸುಗೆ ಬಿಚ್ಚಿದೆ, ಜಾಲದ ದಟ್ಟಣೆಯನ್ನು ಜಾಲಾಡಿದೆ. ಆ ನಾಲ್ಕು ದಿನ ಮನೆಗೆ ಬಂದವರು ಬಾಗಿಲು ಬಡಿದರು.

ಅಪರಾಧಿ ಸಿಕ್ಕಿದ. ಸಂಕೇತದ ಒಂದು ಸಾಲಿನಲ್ಲಿ 500 ಮಿಲಿಸೆಕೆಂಡು ಕಾಯಬೇಕೆಂದು ಬರೆದಿತ್ತು. ಅದರ ಪಕ್ಕದ ಟಿಪ್ಪಣಿಯಲ್ಲಿ 50 ಎಂದಿತ್ತು, ಜೊತೆಗೆ ತಾತ್ಕಾಲಿಕ ಎಂಬ ಮಾತೂ ಇತ್ತು, ಶೈಲಿ ನನ್ನದೇ ಆಗಿತ್ತು. ಸೊನ್ನೆಯೊಂದು ಹೆಚ್ಚಾಗಿತ್ತಷ್ಟೇ. ಅದನ್ನು ಅಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನಾಲ್ಕು ದಿನದ ಕೋಪದಲ್ಲಿ ನಾನು ಸಾಲನ್ನೇ ಅಳಿಸಿದೆ. ಗುಂಡಿಯನ್ನು ಒಂದು ಸಲ ಒತ್ತಿದರೂ ಒಳಗಿನ ಲೋಹದ ತುಂಡುಗಳು ಕೆಲವು ಮಿಲಿಸೆಕೆಂಡು ಪುಟಿದು ಪುಟಿದು ತಾಗುತ್ತವೆ; ಆ ಪುಟಿತವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೇ ಕಾಯುವ ಸಾಲಿರುವುದು. ಅಂದು ಸಂಜೆ ಬಂದ ನೆಂಟರೊಬ್ಬರು ಸಂಕೋಚದಿಂದ ಬೆರಳ ತುದಿ ತಾಗಿಸಿದರು, ಗಂಟೆ ಏಳು ಸಲ ಬಾರಿಸಿತು. ಬಾಗಿಲು ತೆರೆದಾಗ ಅವರು ಎರಡು ಮೆಟ್ಟಿಲು ಕೆಳಗಿಳಿದು ನಿಂತು, ತಮಗೆ ಅಷ್ಟೊಂದು ಅವಸರವೇನೂ ಇರಲಿಲ್ಲವೆಂದು ಕ್ಷಮೆ ಕೇಳುತ್ತಿದ್ದರು.

ಇದಾದ ಮೇಲೆ ಹದಿನಾಲ್ಕು ದಿನ ಮನೆ ಬಿಟ್ಟು ಹೋಗಬೇಕಾದ ಸಂದರ್ಭ ಬಂತು. ಕುಂಡಗಳ ಗತಿಯೇನೆಂಬ ಪ್ರಶ್ನೆ ಎದ್ದಿತು. ಕ್ರಾನಿನ ಸಾಲನ್ನು ತಿದ್ದಿದ್ದೇನೆ, ಪಂಪು ಎರಡನೆಯ ಸಲ ಓಡದಂತೆ ಬೀಗದ ಕಡತವಿಟ್ಟಿದ್ದೇನೆ, ಮಣ್ಣಿನ ತೇವ ಅಳೆಯುವ ಸಂವೇದಕವನ್ನೂ ಸೇರಿಸಿದ್ದೇನೆ, ಮೂರು ತಿಂಗಳಿಂದ ಒಂದೂ ದೋಷವಿಲ್ಲವೆಂದು ವಾದಿಸಿದೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಡ್ರಮ್ಮಿನಿಂದ ಪಂಪನ್ನು ಎತ್ತಿ, ಬಚ್ಚಲುಮನೆಯಿಂದ ತಂದ 20 ಲೀಟರಿನ ಬಕೆಟ್ಟಿನಲ್ಲಿ ಇಳಿಬಿಟ್ಟಳು.

"ನಿಮ್ಮ ಕಂಪ್ಯೂಟರು ಏನು ಬೇಕಾದರೂ ಮಾಡಿಕೊಳ್ಳಲಿ. ಬಕೆಟ್ಟಿನಲ್ಲಿ ಇರುವುದಷ್ಟೇ ನೀರು."

"ನೀರು ಮುಗಿದ ಮೇಲೂ ಪಂಪು ಓಡಿದರೆ ಸುಟ್ಟುಹೋಗುತ್ತದೆ."

"ಹೋಗಲಿ. ಮನೆ ಮುಳುಗುವುದಿಲ್ಲವಲ್ಲ."

ಲೆಕ್ಕ ಹಾಕಿ ನೋಡಿದೆ. ದಿನಕ್ಕೆ ನಲವತ್ತು ಸೆಕೆಂಡಿನಂತೆ ಹದಿನಾಲ್ಕು ದಿನಕ್ಕೆ ಬೇಕಾದದ್ದು 19 ಲೀಟರಿಗೆ ಸ್ವಲ್ಪ ಕಡಿಮೆ. ಈ ಲೆಕ್ಕವನ್ನು ಅವಳು ಯಾವಾಗ ಮಾಡಿದಳೆಂಬುದು ನನಗೆ ಇನ್ನೂ ತಿಳಿದಿಲ್ಲ. ಹಿಂದಿರುಗಿ ಬಂದಾಗ ಗಿಡಗಳು ನಳನಳಿಸುತ್ತಿದ್ದವು, ಬಕೆಟ್ಟಿನ ತಳದಲ್ಲಿ ಒಂದು ಚೊಂಬಿನಷ್ಟು ನೀರಿತ್ತು.

ಸಲ್ಲಬೇಕಾದವರಿಗೆ ಸಲ್ಲಬೇಕಾದ ಗೌರವ ಸಲ್ಲಿಸುವುದು ನಮ್ಮ ಪಂಗಡದ ಮುಖ್ಯ ಶಿಷ್ಟಾಚಾರ. ಲಿನಕ್ಸ್ ಕರ್ನಲಿನಲ್ಲಿ 2004ರಿಂದ ಪ್ರತಿ ತಿದ್ದುಪಡಿಯ ಅಡಿಯಲ್ಲೂ ಕಳಿಸಿದವರ ಸಹಿಯ ಸಾಲಿರುತ್ತದೆ. ದೋಷವನ್ನು ತೋರಿಸಿಕೊಟ್ಟವರಿಗೂ, ಪರೀಕ್ಷಿಸಿದವರಿಗೂ ಬೇರೆ ಬೇರೆ ಸಾಲುಗಳಿರುತ್ತವೆ. ನಾನೂ ಅದೇ ಪದ್ಧತಿಯಂತೆ ಬಕೆಟ್ಟಿನ ಏರ್ಪಾಡನ್ನು, ತಿದ್ದುಪಡಿಗಳ ಇತಿಹಾಸವನ್ನು ಕಾದಿಡುವ ಗಿಟ್ ಎಂಬ ಸಾಧನದಲ್ಲಿ ದಾಖಲಿಸಿ, ದೋಷ ತಿಳಿಸಿದವರು, ಪರಿಹಾರ ಸೂಚಿಸಿದವರು, ಪರೀಕ್ಷಿಸಿದವರು ಎಂಬ ಮೂರೂ ಸಾಲುಗಳಲ್ಲಿ ಹೆಂಡತಿಯ ಹೆಸರು ಬರೆದು, ಹೊರಗೆ ಬಿಟ್ಟು, ಅವಳನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಅವಳು ಕನ್ನಡಕ ಸರಿಪಡಿಸಿಕೊಂಡು ಓದಿದಳು.

"ಕಾಗುಣಿತ ತಪ್ಪಿದೆ. ಒಂದು ಅಕ್ಷರ ಕಡಿಮೆ. ಮೂರು ಕಡೆಯೂ."

ನೋಡಿದೆ, ಹೌದು. ಗಿಟ್‌ನಲ್ಲಿ ಒಂದೊಂದು ದಾಖಲೆಯ ಗುರುತೂ ಅದರ ಒಳಗಿನ ಪ್ರತಿ ಅಕ್ಷರದಿಂದ ಲೆಕ್ಕ ಹಾಕಿ ಬಂದದ್ದು, ಹಳೆಯದರಲ್ಲಿ ಒಂದಕ್ಷರ ಬದಲಾದರೂ ಅದರ ಮುಂದಿನ ಎಲ್ಲವುಗಳ ಗುರುತೂ ಬದಲಾಗುತ್ತದೆ, ಆದ್ದರಿಂದ ಒಮ್ಮೆ ಹೊರಗೆ ಬಿಟ್ಟ ಇತಿಹಾಸವನ್ನು ತಿದ್ದಬಾರದು, ಅದನ್ನು ಇದ್ದದ್ದು ಇದ್ದ ಹಾಗೆಯೇ ಉಳಿಸಿಕೊಳ್ಳುವುದು ರೂಢಿ ಎಂದು ಸಮಾಧಾನದಿಂದ ವಿವರಿಸಿದೆ. ಅವಳೂ ಸಮಾಧಾನದಿಂದಲೇ ಕೇಳಿಸಿಕೊಂಡಳು.

"ಹಾಗಾದರೆ ನನ್ನ ಬಕೆಟ್ಟು ವಾಪಸು ಕೊಡಿ" ಎಂದಳು.