ಕಮಲ, ಮೂರಕ್ಷರ

ಪದಬಂಧ ಬಿಡಿಸುವವರನ್ನು ಕಂಡರೆ ಜನ ಭಾರೀ ಬುದ್ಧಿವಂತರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯಾವ ಸುಳಿವನ್ನು ಯಾರ ಹತ್ತಿರ ತಗೊಂಡು ಹೋಗಬೇಕು ಅಂತ ಗೊತ್ತಿದ್ದರೆ ಸಾಕು. ನಮ್ಮ ಮನೆಯಲ್ಲಂತೂ ಅದನ್ನು ಒಬ್ಬರೇ ಪೂರ್ತಿ ಬಿಡಿಸಿದ್ದು ನನಗೆ ನೆನಪಿಲ್ಲ. ಪೆನ್ನು ಒಬ್ಬರ ಕೈಯಲ್ಲಿರುತ್ತದೆ, ಅಷ್ಟೇ.

ಒಂದು ಸುಳಿವು ನೋಡಿ. 'ಕಮಲ (3)'. ಸುಲಭ ಅಲ್ವಾ? ತಾವರೆ ಅಂತ ಬರೀಬಹುದು. ನಳಿನ ಬರೀಬಹುದು. ರಾಜೀವನೂ ಆದೀತು. ಪಂಕಜ, ಸರೋಜ, ನೀರಜ, ಜಲಜ, ವಾರಿಜ, ಅಂಬುಜ, ವನಜ ಎಲ್ಲಾ ಮೂರೇ ಅಕ್ಷರ. ಮೇಲಿಂದ ಕೆಳಕ್ಕೆ ಬರುವ ಪದದಿಂದ ಕೊನೇ ಚೌಕಕ್ಕೆ 'ಜ' ಸಿಕ್ಕಿತು ಅಂತ ಖುಷಿಪಟ್ಟರೆ ಅದೂ ಸುಳ್ಳೇ, ಯಾಕಂದ್ರೆ ಆಗಲೂ ಏಳು ಜನ ಸಾಲಾಗಿ ನಿಂತೇ ಇರುತ್ತಾರೆ. ಇಂಥ ಹೊತ್ತಲ್ಲಿ ಯಾರಾದರೂ ಬಂದು ಮೊದಲನೇ ಅಕ್ಷರ ಒಂದನ್ನು ಹೇಳಿ ಹೋದರೆ ಅವರಿಗೆ ಕಾಫಿ ಕೊಡಬೇಕು ಅನ್ನಿಸುತ್ತೆ. ಆದರೆ ಬೆನ್ನ ಹಿಂದೆ ನಿಂತು, ಕೇಳದೇ ಇದ್ದರೂ, 'ಐದನೇದು ಅಂಬುಜ, ಏಳನೇದು ಮಂತು, ಹನ್ನೊಂದು ಇನ್ನೂ ಬರೆದಿಲ್ವಾ?' ಅನ್ನುವವರು ಇರುತ್ತಾರಲ್ಲ, ಅವರಿಗೆ ನೀರು ಕೂಡ ಕೊಡಬಾರದು. ನಮ್ಮ ಯಜಮಾನರು ಈ ಜಾತಿ.

ಕನ್ನಡದ ಪದಬಂಧದಲ್ಲಿ ಒಂದೇ ಅಕ್ಷರದ ಸಹಾಯ ಎಷ್ಟು ದೊಡ್ಡದು ಅನ್ನೋದು ಇಂಗ್ಲಿಷ್ ಪದಬಂಧದವರಿಗೆ ಅರ್ಥವಾಗೋದು ಕಷ್ಟ. ಅವರಿಗೆ ಒಂದು ಚೌಕದಲ್ಲಿ ಸಿಗೋದು ಬರೀ ಒಂದು 'ಕೆ' ಅಥವಾ ಒಂದು 'ಆರ್'. ನಮಗೆ ಗುಣಿತ, ಒತ್ತು ಎಲ್ಲಾ ಸೇರಿ ಒಂದೇ ಚೌಕ. 'ಕೃಷ್ಣ' ಎರಡೇ ಮನೆ. ಎರಡನೇ ಮನೆಯಲ್ಲಿ ಷ್ಣ ಇದೆ ಅಂತ ಗೊತ್ತಾದರೆ ಮುಗೀತು, ಕೃಷ್ಣ ಇಲ್ಲಾಂದ್ರೆ ಉಷ್ಣ. ಕಟ್ಟುವವರ ಪಾಡು ಬೇರೆ. ಷ್ಣದಿಂದ ಶುರುವಾಗುವ ಪದ ಇಲ್ಲವಲ್ಲ, ಹಾಗಾಗಿ ಅದು ಬಂದು ನಿಲ್ಲೋದಕ್ಕೆ ಕೊನೆಯಲ್ಲೋ ನಡುವೆಯೋ ಜಾಗ ಹುಡುಕಬೇಕು. ಇಂಗ್ಲಿಷಿಂದ ಬಂದ ಪದಗಳು ಇನ್ನೊಂದು ತಲೆನೋವು. ಕ್ರಿಕೆಟ್ ಅಂದರೆ ಕೊನೇ ಚೌಕದಲ್ಲಿ ಬರೀ 'ಟ್'. ಅದನ್ನು ದಾಟಲು ಟಿಕೆಟ್ಟನ್ನೋ ಬ್ಯಾಟನ್ನೋ ಕರೆಸಬೇಕು.

ಮನುಷ್ಯರ ವಿಷಯಕ್ಕೆ ಬರೋಣ. ನಮ್ಮ ಅತ್ತೆಗೆ ಪುರಾಣ ಮತ್ತು ಅಡುಗೆಮನೆ. 'ಕರ್ಣನ ಸಾಕುತಾಯಿ (2)' ಅಂದರೆ ಸೊಪ್ಪು ಬಿಡಿಸುತ್ತಲೇ 'ರಾಧೆ' ಅನ್ನುತ್ತಾರೆ. 'ದುರ್ಯೋಧನನ ತಂಗಿ' ಅಂದರೆ ದುಶ್ಶಳೆ, ಜೊತೆಗೆ ಅವಳ ಗಂಡನ ಕಥೆ ಪೂರ್ತಿ. 'ಮೊಸರು ಕಡೆಯುವುದು (4)' ಬಂದ ದಿನ ಮಾತ್ರ ಜಗಳ ಆಯಿತು. ಉಡುಪಿ ಕೃಷ್ಣನ ಕೈಯಲ್ಲಿರೋದು ಕಡಗೋಲೋ ಕಡೆಗೋಲೋ? ಎರಡೂ ನಾಲ್ಕಕ್ಷರ, ಎರಡೂ ಬಳಕೆಯಲ್ಲಿವೆ. ಎರಡನೇ ಚೌಕ ಬಿಟ್ಟು ಮುಂದೆ ಹೋದೆವು. ಮಗನಿಗೆ ಸಿನಿಮಾ, ಆಟ. ಅವನು ತಲೆ ಎತ್ತದೇ ಉತ್ತರ ಹೇಳುತ್ತಾನೆ, ಫೋನಿನಿಂದ.

ಹೊಲ, ಎತ್ತು, ಬಿತ್ತನೆ ಅಂತ ಬಂದರೆ ಮನೆಯಲ್ಲಿ ಯಾರಿಗೂ ಏನೂ ತಿಳಿಯದು. ಅದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಾರೆ, ಹಾವೇರಿ ಕಡೆಯವರು. 'ಬೀಜ ಬಿತ್ತುವ ಸಾಧನ (3)' ಅಂತ ಓದಿದೆ. 'ಅದು ಕೂರಿಗಿರಿ ಅಕ್ಕಾರ, ಇಷ್ಟೂ ಗೊತ್ತಿಲ್ಲೇನ್ರಿ?' ಅಂದರು. ಗೊತ್ತಿರಲಿಲ್ಲ. ಕೂರಿಗಿ ಅಂತಲೇ ತುಂಬಿದರೆ ಅಲ್ಲಿಂದ ಕೆಳಗೆ ಹೋಗಬೇಕಿದ್ದ ಗೆಳತಿ ಗಿಳತಿ ಆಗಿ ಕೂತಳು. ಗಿಯನ್ನು ಗೆ ಮಾಡಿದ ಮೇಲೆ ಎಲ್ಲಾ ಸರಿಹೋಯಿತು. ನಿಘಂಟಿನಲ್ಲಿ ಹುಡುಕೋದಕ್ಕಿಂತ ಗೇಟಿಗೆ ಹೋಗಿಬರೋದೇ ಬೇಗ.

ಈ ಸಹಾಯದ ಹುಚ್ಚು ನಮ್ಮದು ಮಾತ್ರ ಅಲ್ಲ. ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟಿದ್ದು 1913ರ ಡಿಸೆಂಬರ್ 21ರಂದು. ಹತ್ತು ಹನ್ನೊಂದು ವರ್ಷ ಕಳೆಯೋದರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದವರು ಗೋಳಾಡತೊಡಗಿದ್ದರು. ಪದಬಂಧದವರು ಬಂದು ನಿಘಂಟುಗಳಿಗೆ ಮುತ್ತಿಕೊಳ್ಳುತ್ತಾರೆ, ನಿಜವಾದ ಓದುಗರಿಗೆ ಜಾಗವೇ ಇಲ್ಲ ಅಂತ. ಬಾಲ್ಟಿಮೋರ್ ಅಂಡ್ ಓಹಾಯೊ ರೈಲು ಕಂಪನಿ ಇನ್ನೂ ಜಾಣ. ಪ್ರಯಾಣಿಕರಿಗಾಗಿ ರೈಲಿನಲ್ಲೇ ನಿಘಂಟು ಇಟ್ಟುಬಿಟ್ಟಿತು. ನ್ಯೂಯಾರ್ಕ್ ಟೈಮ್ಸ್ ಅದೇ 1924ರ ಸುಮಾರಿಗೆ ಇದೆಲ್ಲಾ ದಂಡ ಅಂತ ಮೂಗು ಮುರಿದಿತ್ತು. ಕೊನೆಗೆ 1942ರಲ್ಲಿ ತಾನೂ ಶುರುಮಾಡಿತು. ಈಗ ಅವರ ಪದಬಂಧವೇ ಜಗತ್ತಿಗೆಲ್ಲಾ ಗೊತ್ತು.

ನಿಘಂಟು ಅಂದಾಗ ಒಂದು ಮಾತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ 1913ರಲ್ಲೇ, ಆಗಸ್ಟಿನಲ್ಲಿ. ಅಂದರೆ ಪದಬಂಧಕ್ಕಿಂತ ನಾಲ್ಕು ತಿಂಗಳು ಹಿರಿಯರು. ಆದರೂ ನಿಘಂಟಿನಿಂದ ಪದಬಂಧಕ್ಕೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಅದರಲ್ಲಿ ಪದ ಗೊತ್ತಿದ್ದರೆ ಅರ್ಥ ಸಿಗುತ್ತದೆ. ನಮ್ಮ ಹತ್ತಿರ ಅರ್ಥ ಇರುತ್ತದೆ, ಪದ ಇರೋದಿಲ್ಲ. ಒಂದೇ ಅರ್ಥದ ಪದಗಳನ್ನು ಒಂದೇ ಕಡೆ ಪೋಣಿಸಿಟ್ಟ ಅಮರಕೋಶವೇ ಈ ಕೆಲಸಕ್ಕೆ ಲಾಯಕ್ಕು. ಮಾವ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದರಂತೆ, ಈಗಲೂ ಕಮಲ ಅಂದರೆ ನಿಲ್ಲಿಸೋದೇ ಇಲ್ಲ.

ಫೋನನ್ನು ಕೇಳೋದು ಮೋಸವಾ? ನನ್ನ ಪ್ರಕಾರ ಹೌದು, ಆದರೆ ಅದಕ್ಕಿಂತ ದೊಡ್ಡ ತೊಂದರೆ ಅದಕ್ಕೆ ಲೆಕ್ಕ ಬರದೇ ಇರೋದು. ಮೂರಕ್ಷರ ಕೇಳಿದರೆ ಐದಕ್ಷರದ್ದನ್ನು ಧೈರ್ಯವಾಗಿ ಕೊಡುತ್ತದೆ. ಪಾಪ, ಕಂಪ್ಯೂಟರಿನೊಳಗೆ ಕನ್ನಡ ಕೂತಿರೋ ರೀತಿಯೇ ಹಾಗೆ. ಕ, ಅದರ ವಟ್ರಸುಳಿ, ಷ, ಒಂದು ಹಲಂತ, ಣ, ಹೀಗೆ ನಮ್ಮ ಎರಡಕ್ಷರದ ಕೃಷ್ಣ ಅಲ್ಲಿ ಐದು ತುಂಡು. ಮಗ ಮಾತ್ರ ಬಿಡದೆ ಕೇಳುತ್ತಾನೆ, ಅದು ತಪ್ಪು ಹೇಳಿದಾಗ ನಾವೆಲ್ಲಾ ಸೇರಿ ನಗುತ್ತೇವೆ.

ಎಲ್ಲಾ ಸಹಾಯ ಮುಗಿದ ಮೇಲೆ ಪತ್ರಿಕೆಯವರದ್ದು ಇದ್ದೇ ಇದೆ. ಮಾರನೇ ದಿನದ ಉತ್ತರ. ನಾವು ನೀರಜ ಅಂತ ಬರೆದಿರುತ್ತೇವೆ, ಅಲ್ಲಿ ವಾರಿಜ ಇರುತ್ತದೆ, ಮೊದಲೆರಡು ಚೌಕಗಳನ್ನು ಬೇರೆ ಯಾವ ಪದವೂ ದಾಟಿರೋದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡುತ್ತಾರೆ. ಅವರು ಬರೆದದ್ದೂ ಸರಿ ಇದೆ, ಒಂದು ಮಾರ್ಕು ಕೊಡು ಅನ್ನುತ್ತಾರೆ.